ನೂರಕ್ಕೆ ತೊಂಬತ್ತೆಂಟು

ಚೀನಾದ ಒಂದು ಕಂಪನಿ ಮೊದಲು ವೈರಸ್ ಹಿಡಿಯುವ ತಂತ್ರಾಂಶವನ್ನು ಪುಕ್ಕಟೆ ಹಂಚಿತು. ಮನೆಮನೆಯ ಕಂಪ್ಯೂಟರಿನಲ್ಲೂ ಅದು ಕಾವಲು ಕೂತ ಮೇಲೆ, ಅಂತರ್ಜಾಲದಲ್ಲಿ ಹುಡುಕಿಕೊಡುವ ಕೆಲಸವನ್ನೂ ಶುರುಮಾಡಿತು. ಅದೇ ಕೆಲಸದ ಪುಟ್ಟ ತಂತ್ರಾಂಶವೊಂದನ್ನು ತಾನೇ ಬರೆದು, ಅದನ್ನೇ ನಂಬಿ ಬದುಕುತ್ತಿದ್ದ ಒಬ್ಬಳ ಗಿರಾಕಿಗಳು ಅಂದಿನಿಂದ ಕರಗತೊಡಗಿದರು.

ಅವಳು ಆ ಕಂಪನಿಗೆ ಫೋನ್ ಮಾಡಿದಳು. "ನನ್ನದರಲ್ಲಿ ವೈರಸ್ ಇಲ್ಲ. ಜನರ ಕಂಪ್ಯೂಟರಿನಿಂದ ಅದನ್ನ ಯಾಕೆ ತೆಗೆಸ್ತಿದ್ದೀರಿ?"

"ನಾವೆಲ್ಲಿ ತೆಗೆಸ್ತೀವಿ ಮೇಡಂ? ಇದರಿಂದ ಕಂಪ್ಯೂಟರ್ ನಿಧಾನ ಆಗ್ತಿದೆ, ತೆಗೆಯಲೇ ಅಂತ ಕೇಳ್ತೀವಿ. ಜನ ಹೂಂ ಅಂತಾರೆ."

"ನನ್ನನ್ನ ಬಲ್ಲವರು ಯಾರೂ ಹೂಂ ಅನ್ನಲ್ಲ."

ಭಾನುವಾರ ಅಪ್ಪನ ಮನೆಗೆ ಹೋದಳು. ತನ್ನ ಕಚೇರಿ ಮುಚ್ಚಬೇಕೋ ಬೇಡವೋ ಎಂದು ಅವನನ್ನೇ ಕೇಳಬೇಕಿತ್ತು. ಅವಳ ತಂತ್ರಾಂಶವನ್ನು ಮೊಟ್ಟಮೊದಲು ಹಾಕಿಸಿಕೊಂಡವನು ಅಪ್ಪ.

ಅವಳು ಬಾಯಿ ತೆರೆಯುವ ಮೊದಲೇ ಅಪ್ಪ ಕೈಹಿಡಿದು ಒಳಗೆ ಕರೆದುಕೊಂಡು ಹೋದ. "ಬಾ, ಇಲ್ಲಿ ನೋಡು."

ಕಂಪ್ಯೂಟರ್ ಆನ್ ಮಾಡಿದ. ಪರದೆಯ ಮೂಲೆಯಲ್ಲಿ ಆ ಕಂಪನಿಯ ಹಸಿರು ಗುರಾಣಿ ಮೂಡಿತು. 'ಶಾಭಾಸ್, ವೇಗದಲ್ಲಿ ನೀವು ದೇಶದ ನೂರಕ್ಕೆ ತೊಂಬತ್ತೆಂಟು ಕಂಪ್ಯೂಟರುಗಳನ್ನು ಸೋಲಿಸಿದ್ದೀರಿ' ಎಂದು ಅದರ ಕೆಳಗೆ ಬರೆದಿತ್ತು.

"ಪಕ್ಕದ ಮನೆ ಕ್ವಾನ್‌ದು ಬರೀ ತೊಂಬತ್ತೇಳು. ನಿನ್ನೆಯಿಂದ ನನ್ನ ಹತ್ರ ಮಾತೇ ಇಲ್ಲ."

"ಇಷ್ಟು ಹೇಗೆ ಬಂತಪ್ಪ?"

"ಅದು ಕೇಳಿದ್ದನ್ನೆಲ್ಲ ತೆಗೀತಾ ಬಂದೆ. ನಿನ್ನದೊಂದನ್ನ ಮಾತ್ರ ಬೇಡ ಅಂತ ಉಳಿಸಿಕೊಂಡಿದ್ದೆ. ಆದ್ರೆ ತೊಂಬತ್ತಾರರ ಮೇಲೆ ಹೋಗ್ತಾನೇ ಇರಲಿಲ್ಲ ನೋಡು."