ಎರಡನೇ ಗೇರ್

ದುಗ್ಗಮ್ಮ ಮತ್ತು ಅವಳ ಜೊತೆಯ ಇಬ್ಬರು ಹೆಂಗಸರು ಗೇರ್‌ಬಾಕ್ಸನ್ನು ಆರಿಸಿ ಮುಗಿಸಿದರೂ ಕೋಣಂದೂರಿನ ಮುಕುಂದಯ್ಯನವರ ಸ್ನಾನ ಇನ್ನೂ ಮುಗಿದಿರಲಿಲ್ಲ. ಹೆಂಗಸರು ಬಂದದ್ದು ಅಡಿಕೆ ಆರಿಸಲು. ಅಂಗಳದ ಚಾಪೆಯ ಮೇಲೆ ಇದ್ದದ್ದು ಮಾತ್ರ ಕಬ್ಬಿಣದ ತುಂಡುಗಳು. ಈ ಮನೆಯಲ್ಲಿ ಚಾಪೆಯ ಮೇಲೆ ಹರಡಿದ್ದೆಲ್ಲ ಆರಿಸುವುದಕ್ಕೇ ಎಂದು ಇಪ್ಪತ್ತು ವರ್ಷದಿಂದ ಬಲ್ಲವಳು ದುಗ್ಗಮ್ಮ. ದೊಡ್ಡದನ್ನು ದೊಡ್ಡದರ ಜೊತೆ, ಸಣ್ಣದನ್ನು ಸಣ್ಣದರ ಜೊತೆ ಗುಡ್ಡೆ ಹಾಕಿ, ಕೆಟ್ಟ ಮಾಲನ್ನು ಗೊರಬಲು ಎಂದು ಮೂಲೆಯ ಬುಟ್ಟಿಗೆ ಎಸೆದಿದ್ದಳು.

ಒದ್ದೆ ಪಂಚೆಯಲ್ಲೇ ಓಡಿಬಂದ ಮುಕುಂದಯ್ಯ ಚಾಪೆ ನೋಡಿ ತಲೆ ಮೇಲೆ ಕೈಹೊತ್ತು ನಿಂತರು.

"ಯಾರು ಮುಟ್ಟಿದ್ದು ಇದನ್ನ?"

"ನಾವೇ ಅಯ್ಯಾ. ಎಲ್ಲ ಕಲಸಿ ಹೋಗಿತ್ತು, ಚೊಕ್ಕ ಮಾಡಿಟ್ವಿ," ಎಂದಳು ದುಗ್ಗಮ್ಮ. ಬುಟ್ಟಿಯಿಂದ ಒಂದು ಹಲ್ಲಿನ ಚಕ್ರ ಎತ್ತಿ ತೋರಿಸಿದಳು. "ಇದೊಂದು ಗೊರಬಲು ನೋಡಿ. ಎರಡು ಹಲ್ಲೇ ಇಲ್ಲ."

"ಅದು ಎಣ್ಣೆ ಹರಿಯೋಕೆ ಬಿಟ್ಟ ಜಾಗ! ಇಂಗ್ಲೆಂಡಿನ ಮಾಲಲ್ಲಿ ಗೊರಬಲು ಇರ್ತದಾ?"

ಅವರ ಸಂಕಟ ಸುಳ್ಳಲ್ಲ. ಎರಡು ವರ್ಷದ ಹಿಂದೆ ಕೊಪ್ಪದ ಕಡೆಯ ಕಾಫಿ ತೋಟದ ಇಂಗ್ಲಿಷ್ ದೊರೆ ತನ್ನ ದೇಶಕ್ಕೆ ಹೊರಟಾಗ, ಅವನ ಎರಡೇ ಸೀಟಿನ ಕೆಂಪು ರೇಸು ಕಾರನ್ನು ಮುಕುಂದಯ್ಯ ಕೊಂಡಿದ್ದರು. ಎರಡನೇ ಗೇರ್ ಹಾಕಿದರೆ ಗುರ್ರೆನ್ನುತ್ತಿತ್ತು. ತೀರ್ಥಹಳ್ಳಿಯ ಮೆಕ್ಯಾನಿಕ್ ಅಂಜನಪ್ಪನಿಗೆ ತೋರಿಸಿ ಎಂದರೆ, "ಲಾರಿ ಬಿಚ್ಚೋ ಕೈಗೆ ಇದನ್ನ ಕೊಡೋದಾ?" ಎನ್ನುತ್ತಿದ್ದರು. ಕಾರಿನ ಜೊತೆ ಒಂದು ದಪ್ಪ ಇಂಗ್ಲಿಷ್ ಪುಸ್ತಕವೂ ಬಂದಿತ್ತು. ಬಿಚ್ಚಿದ್ದನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡು ಎಂದು ಅದರಲ್ಲಿ ಬರೆದಿತ್ತು. ಪುರೋಹಿತರ ಮಾತಿಗೂ ತೋರಿಸದ ಭಕ್ತಿಯಿಂದ ಮುಕುಂದಯ್ಯ ತಾವೇ ಬಿಚ್ಚಿ ಹಾಗೇ ಇಟ್ಟಿದ್ದರು.

ಅವರ ಹೆಂಡತಿ ವರದಮ್ಮನ ಸಂಕಟ ಬೇರೆ. ಕಾರು ಬಂದ ದಿನವೇ ಅವಳ ಓಡಾಟ ನಿಂತಿತ್ತು. ಕಾರಿರುವ ಮನೆಯ ಹೆಂಗಸು ಬಸ್ಸು ಹತ್ತಿದರೆ ಮರ್ಯಾದೆ ಎಲ್ಲಿ ಉಳಿಯುತ್ತದೆ? ಕಾರೋ, ಮನೆಯ ಗೇಟು ದಾಟಿ ಅರ್ಧ ಮೈಲಿ ಹೋದದ್ದಿಲ್ಲ. ಹೀಗೆ ಮರ್ಯಾದೆ ಕಾಯುತ್ತ ಮಂಡಗದ್ದೆಯ ತವರಿಗೆ ಹೋಗದೆ ಎರಡು ವರ್ಷ ಕಳೆದಿತ್ತು. ಅಲ್ಲಿ ತಾಯಿಗೆ ಕಣ್ಣಿನ ಪೊರೆ ಬಲಿಯುತ್ತಿತ್ತು. "ಮುಖ ಕಾಣೋವಾಗ್ಲೇ ಒಂದ್ಸಲ ಬಂದು ಹೋಗು" ಎಂದು ಹೋದ ತಿಂಗಳು ಹೇಳಿಕಳಿಸಿದ್ದಳು.

ದುಗ್ಗಮ್ಮನ ಕೈಯಿಂದ ಚಕ್ರ ತೆಗೆದುಕೊಂಡು ವರದಮ್ಮನೂ ನೋಡಿದಳು. ಗೇರ್‌ಬಾಕ್ಸಿನ ಗಂಧಗಾಳಿ ಇಲ್ಲದಿದ್ದರೂ ಮುರಿದ ಹಲ್ಲು ಮುರಿದ ಹಲ್ಲೇ ಎಂದು ಕಾಣುತ್ತಿತ್ತು.

"ಇದು ಮುರಿದಿದ್ದೇ ಅಲ್ವಾ? ಇದೊಂದನ್ನಾದ್ರೂ ಅಂಜನಪ್ಪಂಗೆ ತೋರಿಸಿ."

"ಅಡಿಕೆ ಆರಿಸೋರ ಮಾತು ಕೇಳಿ ನಾನು ಕಾರು ಕಟ್ಬೇಕಾ ಮಾರಾಯ್ತಿ? ಯುಗಾದಿಗೆ ನಿನ್ನನ್ನ ಕಾರಲ್ಲೇ ತವರಿಗೆ ಕರ್ಕೊಂಡು ಹೋಗ್ತೀನಿ, ನೋಡ್ತಿರು."

ಮುಂದಿನ ಹನ್ನೆರಡು ದಿನ ಅಂಗಳದಲ್ಲಿ ಸೀಮೆಎಣ್ಣೆಯ ವಾಸನೆ, ಪುಸ್ತಕದ ಪುಟಗಳಲ್ಲಿ ಗ್ರೀಸಿನ ಹೆಬ್ಬೆಟ್ಟು. ಅಡಿಕೆ ಆರಿಸುವವರಿಗೆ ರಜೆ. ಬುಟ್ಟಿಗೆ ಬಿದ್ದಿದ್ದ ಆ ಚಕ್ರವನ್ನು ಮುಕುಂದಯ್ಯ ಎಲ್ಲಕ್ಕಿಂತ ಮೊದಲು ಒರೆಸಿ ಅದರ ಜಾಗಕ್ಕೆ ಕೂರಿಸಿದರು. ಎಲ್ಲ ಮುಗಿದ ಮೇಲೆ ನಾಲ್ಕು ವಾಶರು, ಒಂದು ಸ್ಪ್ರಿಂಗು ಉಳಿದವು. ಇಂಗ್ಲಿಷರು ಉದಾರಿಗಳು, ಒಂದೆರಡು ಹೆಚ್ಚೇ ಹಾಕಿರುತ್ತಾರೆ ಎಂದು ಹೆಂಡತಿಗೆ ವಿವರಿಸಿದರು.

ಯುಗಾದಿಯ ಹಿಂದಿನ ದಿನ ಬೆಳಿಗ್ಗೆ ವರದಮ್ಮ ರೇಷ್ಮೆ ಸೀರೆ ಉಟ್ಟು, ಮಿಡಿ ಉಪ್ಪಿನಕಾಯಿಯ ಭರಣಿ ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂತಳು. ಮೊದಲ ಗೇರಿನಲ್ಲಿ ಕಾರು ಗೇಟು ದಾಟಿ ದೊಡ್ಡ ರಸ್ತೆಗೆ ಬಂತು. ಮುಕುಂದಯ್ಯ ಹೆಂಡತಿಯ ಕಡೆ ಹೆಮ್ಮೆಯಿಂದ ನೋಡಿ ಎರಡನೇ ಗೇರ್ ಹಾಕಿದರು. ಅಕ್ಕಿ ಗಿರಣಿಗೆ ಕಲ್ಲು ಬಿದ್ದ ಹಾಗೆ ಸದ್ದಾಯಿತು. ಕಾರು ರಸ್ತೆಯ ನಟ್ಟನಡುವೆ ನಿಂತಿತು.

"ಒಂದು ಚಕ್ರ ತರಿಸ್ಬೇಕು," ಎಂದರು ಪುಸ್ತಕ ಬಿಡಿಸಿ. "ಲಂಡನ್ನಿಗೆ ಬರೀತೀನಿ. ಹಡಗಲ್ಲಿ ಬರೋಕೆ ನಾಲ್ಕು ತಿಂಗಳು."

"ಅಲ್ಲೀತನಕ ನಾನು?"

"ಎರಡು ವರ್ಷ ಕಾದೋಳಿಗೆ ನಾಲ್ಕು ತಿಂಗಳಿಗೆ ಎಂತ ಅವಸರ?"

ಅಷ್ಟರಲ್ಲಿ ಹೊಸನಗರದಿಂದ ಬಂದ ತೀರ್ಥಹಳ್ಳಿ ಬಸ್ಸು ದಾರಿ ಸಿಗದೆ ಹಿಂದೆ ನಿಂತು ಹಾರ್ನು ಹೊಡೆಯಿತು. ಹತ್ತು ಜನ ಇಳಿದು ಬಂದು ಕಾರನ್ನು ಪಕ್ಕಕ್ಕೆ ನೂಕಿದರು. ಮುಕುಂದಯ್ಯ ಗಂಭೀರವಾಗಿ ಸ್ಟೇರಿಂಗ್ ಹಿಡಿದು ಕೂತಿದ್ದರು. ನೂಕಿದವರು ಮರಳಿ ಬಸ್ಸು ಹತ್ತುವಾಗ ಅವರ ಜೊತೆ ವರದಮ್ಮನೂ ಭರಣಿ ಹಿಡಿದು ಹತ್ತಿದಳು.

"ಏ, ಇಳಿ! ಜನ ನೋಡ್ತಾರೆ!"

"ನೋಡ್ಲಿ," ಎಂದಳು ವರದಮ್ಮ.

ತೀರ್ಥಹಳ್ಳಿಯಲ್ಲಿ ಬಸ್ಸು ಬದಲಿಸಿ ಮಂಡಗದ್ದೆ ಮುಟ್ಟುವಾಗ ಮಧ್ಯಾಹ್ನ. ತಾಯಿ ಜಗಲಿಯಲ್ಲಿ ಕೂತಿದ್ದಳು. ದನಿ ಕೇಳಿದವಳೇ ಕೈ ಚಾಚಿ ಮಗಳ ಹಣೆ, ಕೆನ್ನೆ, ಗಲ್ಲ ತಡವಿದಳು. ಎರಡೆರಡು ಸಲ ತಡವಿದಳು. ತಾನು ಬಂದದ್ದು ತಡವಾಯಿತು ಎಂದು ವರದಮ್ಮನಿಗೆ ಗೊತ್ತಾಯಿತು. ಅಳು ಬಂತು. ಗಂಡನ ಮೇಲೆ ಬಂದ ಸಿಟ್ಟು ಅದಕ್ಕಿಂತ ದೊಡ್ಡದಿತ್ತು.

"ಕಾರಲ್ಲೇ ಬಂದ್ಯಾ ಮಗಾ? ಸದ್ದೇ ಕೇಳ್ಲಿಲ್ಲ."

ವರದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹೂಂ, ಕಾರಲ್ಲೇ. ಭಾರಿ ಒಳ್ಳೆ ಕಾರಮ್ಮ, ಸದ್ದೇ ಮಾಡಲ್ಲ."