ಗುಟ್ಟಿನ ಪರೀಕ್ಷಕ

ಆಸ್ಪತ್ರೆಗೆ ಬಂದ ರೋಗಿಗೆ ಅಲ್ಲೇ ಹೊಸ ಸೋಂಕು ಅಂಟದಂತೆ ನೋಡಿಕೊಳ್ಳುವುದು ಹೇಗೆಂದು ನರ್ಸುಗಳಿಗೆ ತರಬೇತಿ ನಡೆಯಿತು. ಮುಗಿಯುವ ಹೊತ್ತಿಗೆ ತರಬೇತಿಯ ಮೇಡಂ ಎಲ್ಲರ ಎದೆ ಢವಗುಟ್ಟಿಸಿದರು. "ಪರೀಕ್ಷಕರು ರೋಗಿಯ ವೇಷದಲ್ಲಿ ನಿಮ್ಮ ವಾರ್ಡಿಗೇ ಬಂದು ಮಲಗ್ತಾರೆ. ಫೇಲಾದವರಿಗೆ ತರಬೇತಿ ಮತ್ತೆ ಮೊದಲಿಂದ!"

ಮರುದಿನ ಕಿಟಕಿ ಪಕ್ಕದ ಹಾಸಿಗೆಗೆ ದಪ್ಪ ಮೀಸೆಯ ಹೊಸ ರೋಗಿ ಬಂದ. ತರಬೇತಿ ಮುಗಿಸಿ ಬಂದಿದ್ದ ನರ್ಸ್ ಫ್ಲೋರಿನ್, ಕೈಯಲ್ಲಿ ಇಂಜೆಕ್ಷನ್ ಹಿಡಿದು ಹೋದರೆ ಆತ ಗಂಭೀರವಾಗಿ ಕೇಳಿದ, "ಸಿಸ್ಟರ್, ಕೈ ತೊಳೆದ್ರಾ?"

ಇವರೇ ಅವರು! ತೊಳೆದಿದ್ದರೂ ಫ್ಲೋರಿನ್ ಓಡಿಹೋಗಿ ಮತ್ತೆ ತೊಳೆದು ಬಂದಳು.

"ಬೆರಳ ಸಂದಿ?"

ಅದನ್ನೂ ಉಜ್ಜಿ ಬಂದಳು.

"ಉಗುರು?"

ಉಗುರನ್ನೂ ತಿಕ್ಕಿ ಬಂದಳು.

"ಬರ್ತಾ ಬಾಗಿಲು ಮುಟ್ಟಿದ್ರಲ್ಲ?"

ಹೌದು, ಮುಟ್ಟಿದ್ದಳು. ಎಂಥ ಕಣ್ಣಪ್ಪಾ ಇವರದು ಅಂದುಕೊಂಡು ಮತ್ತೆ ನಲ್ಲಿಯತ್ತ ಹೋದಳು. ಅಂಗೈ ಸುಕ್ಕುಗಟ್ಟಿತೇ ಹೊರತು ಮುಖದ ನಗು ಮಾಸಲಿಲ್ಲ.

ಕಡೆಗೆ ತಡೆಯಲಾರದೆ ಬಗ್ಗಿ ಪಿಸುಗುಟ್ಟಿದಳು. "ಸರ್, ನೀವ್ಯಾರು ಅಂತ ನಂಗೆ ಗೊತ್ತಾಗಿದೆ. ಹೇಳಿಬಿಡಿ, ನಾನು ಪಾಸಾ, ಫೇಲಾ?"

ಆತ ಹೊದಿಕೆಯನ್ನು ಗಲ್ಲದವರೆಗೂ ಎಳೆದುಕೊಂಡ. "ಅದೆಲ್ಲ ನಂಗೇನು ಗೊತ್ತು ತಾಯಿ? ನಂಗೆ ಸೂಜಿ ಅಂದ್ರೆ ಭಯ."