ರೈಲಿನ ಕಣ್ಣು

ಚಾಲಕನಿಲ್ಲದ ರೈಲು ಮಹೇಂದ್ರನ ಎದೆಗೆ ಒಂದು ಮೊಳ ದೂರದಲ್ಲಿ ನಿಂತಿತು. ಕೋಗಿಲು ಹತ್ತಿರದ ಆ ಥೀಮ್ ಪಾರ್ಕಿನಲ್ಲಿ ದಿನವೂ ಗೇಟು ತೆರೆಯುವ ಮುಂಚೆ ಹಳಿಯ ಮೇಲೆ ನಿಂತು ರೈಲನ್ನು ಪರೀಕ್ಷಿಸುವುದು ಅವನ ಕೆಲಸ. ಎದುರಿಗೆ ಯಾರಿದ್ದರೂ ಮೂತಿಯಲ್ಲಿರುವ ಸೆನ್ಸರ್ ಕಂಡು ಬ್ರೇಕ್ ಹಾಕಬೇಕು. ಇವತ್ತೂ ಹಾಕಿತ್ತು. ಆದರೆ ಸೆನ್ಸರಿನ ಗಾಜೇ ಕಾಣುತ್ತಿರಲಿಲ್ಲ. ನಿನ್ನೆ ಆಯುಧಪೂಜೆಯಲ್ಲಿ ಯಾರೋ ಅದಕ್ಕೆ ದಪ್ಪಗೆ ವಿಭೂತಿ ಬಳಿದು ಕುಂಕುಮ ಇಟ್ಟಿದ್ದರು.

"ಅಶ್ವತ್ಥಣ್ಣಾ, ಸ್ವಲ್ಪ ಬನ್ನಿ! ಇದಕ್ಕೆ ನಾನು ಹೆಂಗ್ ಕಾಣಿಸ್ದೆ?"

ಕಂಟ್ರೋಲ್ ರೂಮಿನ ಅಶ್ವತ್ಥಪ್ಪ ಮೆಟ್ಟಿಲಿಳಿದು ಬಂದ. ವಿಭೂತಿಯನ್ನೂ ಮಹೇಂದ್ರನ ಮುಖವನ್ನೂ ನೋಡಿ ದನಿ ತಗ್ಗಿಸಿದ. "ಅದು ಕೆಟ್ಟು ಎರಡು ವರ್ಷ ಆಯ್ತು ಕಣೋ. ಹಳೇ ಗಾಡಿ, ಪಾರ್ಟೇ ಸಿಗಲ್ಲ. ದಿನಾ ಕಿಟಕಿಯಿಂದ ನಿನ್ನ ನೋಡಿ ಬಟನ್ ಒತ್ತೋನು ನಾನೇ."

ಎಷ್ಟೋ ಬೆಳಿಗ್ಗೆ ಮಹೇಂದ್ರ ಧೈರ್ಯ ತೋರಿಸಲು ಕಣ್ಣು ಮುಚ್ಚಿಕೊಂಡು ನಿಂತಿದ್ದ. ಅಷ್ಟರಲ್ಲಿ ರೈಲು ಹೊರಡುವ ಗಂಟೆ ಹೊಡೆಯಿತು. ಅಶ್ವತ್ಥಪ್ಪ ಅವನ ತೋಳು ಹಿಡಿದು ಪ್ಲಾಟ್‌ಫಾರಂ ಮೇಲಕ್ಕೆ ಎಳೆದುಕೊಂಡ. ಖಾಲಿ ರೈಲು ತಾನಾಗಿಯೇ ಹೊರಟಿತು.

ಮುಂದಿನ ತಿರುವಿನಲ್ಲಿ ಮುನಿಯಲ್ಲಮ್ಮ ಹಳಿಯ ಮೇಲೆ ಬಿದ್ದಿದ್ದ ಪೂಜೆಯ ಚೆಂಡುಹೂ ಗುಡಿಸುತ್ತಿದ್ದಳು. ಮಹೇಂದ್ರ ತಲೆಯೆತ್ತಿ ನೋಡಿದ. ಕಂಟ್ರೋಲ್ ರೂಮಿನ ಕಿಟಕಿಯಲ್ಲಿ ಯಾರೂ ಇರಲಿಲ್ಲ.

"ಅಮ್ಮಾ, ಹಳಿ ಬಿಟ್ಟು ಬನ್ನಿ!" ಅವನು ಕಿರುಚುತ್ತಾ ಓಡಿದ.

ಮುನಿಯಲ್ಲಮ್ಮ ತಿರುಗಿ, ಬರುತ್ತಿದ್ದ ರೈಲನ್ನು ನೋಡಿ ನಕ್ಕು, ಮತ್ತೆ ಪೊರಕೆಗೆ ಬಗ್ಗಿದಳು. "ಯಾಕಪ್ಪಾ ಇಂಗೆ ಕೂಗ್ತೀಯ? ದಿನಾ ನಿನ್ ಮುಂದೆ ನಿಂತ್ಕಳಲ್ವಾ ಅದು?"